ನಮ್ಮ ಕಡೆಯ ಅಂಪೈರು

ಹಳ್ಳಿಯ ಕ್ರಿಕೆಟ್ಟಿನಲ್ಲಿ ಬ್ಯಾಟು ಮಾಡುವ ತಂಡದ ಹುಡುಗನೇ ಅಂಪೈರಾಗಿ ನಿಲ್ಲುವುದುಂಟು. ಬೇರೆ ಯಾರು ಸಿಗಬೇಕು! ದಂಡಿನಶಿವರದಲ್ಲಿ, ತೆಂಗಿನ ತೋಟದ ಮಗ್ಗುಲ ಬಯಲಿನಲ್ಲಿ ನಾನು ನೋಡಿದ ಪಂದ್ಯದಲ್ಲಿ ಹಾಗೆ ನಿಂತವನು ನನ್ನ ನಾದಿನಿಯ ಮಗ. ಗೆಲ್ಲಲು ಎರಡೇ ರನ್ನು, ಉಳಿದದ್ದು ಒಂದೇ ವಿಕೆಟ್ಟು. ಓಡಿ ಬಂದ ಗೆಳೆಯ ಗೆರೆ ಮುಟ್ಟುವ ಮೊದಲೇ ಚೆಂಡು ವಿಕೆಟ್ಟಿಗೆ ಬಡಿಯಿತು. ಹುಡುಗ ಬೆರಳೆತ್ತಿಬಿಟ್ಟ. ಎದುರು ತಂಡದವರೇ ಒಂದು ಗಳಿಗೆ ನಂಬಲಿಲ್ಲ.

ಮನೆಯಲ್ಲಿ ನಮ್ಮತ್ತೆ, "ಅಷ್ಟು ಜನ ನೋಡ್ತಿದ್ರಲ್ಲ, ನಿನ್ನ ಕಣ್ಣಿಗೇ ಕಾಣಬೇಕಾಗಿತ್ತೇನೋ?" ಎಂದು ಮೊಮ್ಮಗನನ್ನು ಬೈದರು.

1980ರ ಮುಂಬಯಿ ಟೆಸ್ಟಿನಲ್ಲಿ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನಾಯಕರು. ಇಂಗ್ಲೆಂಡಿನ 5 ವಿಕೆಟ್ಟು 58ಕ್ಕೇ ಬಿದ್ದಿದ್ದವು. ಆಮೇಲೆ ಬಂದ ಬಾಬ್ ಟೇಲರ್‌ಗೆ ಅಂಪೈರು ಔಟು ಕೊಟ್ಟರೂ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್ ಮರಳಿ ಕರೆದರು. ಟೇಲರ್, ಬಾಥಮ್ ಸೇರಿ 171 ರನ್ನು ಕೂಡಿಸಿದರು. ಭಾರತ 10 ವಿಕೆಟ್ಟಿನಿಂದ ಸೋತಿತು. ಇಂದಿಗೂ ಅದನ್ನು ಹೊಗಳುತ್ತೇವೆ. ಔದಾರ್ಯ ಒಬ್ಬರದು, ಸೋಲು ಹನ್ನೊಂದು ಜನರದು ಎಂದು ನಾನು ತರಲೆಯಾಗಿ ಯೋಚಿಸಿದ್ದೂ ಉಂಟು. ಅಂಪೈರಿಗಾದರೋ ಔದಾರ್ಯಕ್ಕೆ ಎಡೆಯೇ ಇಲ್ಲ. ಬಿಟ್ಟುಕೊಡಲು ಅವನದೆಂಬುದು ಏನಿದೆ? ಕಂಡದ್ದನ್ನು ಹೇಳಬೇಕು. ಅದಕ್ಕೆ ಹೊಗಳಿಕೆಯೂ ಸಿಗದು, ಸಂಜೆ ಗೆಳೆಯರೂ ಮಾತಾಡಿಸರು.

ನಾವು ಹೆಂಗಸರಿಗೆ ಈ ಜಾಗ ಹೊಸದೇನಲ್ಲ. ಮಗ ಸೊಸೆಯರ ಜಗಳದಲ್ಲಿ ತಾಯಿ ಬ್ಯಾಟು ಮಾಡುವವರ ಕಡೆಯ ಅಂಪೈರೇ ಅಲ್ಲವೇ? ನನ್ನ ಮದುವೆಯಾದ ಹೊಸದರಲ್ಲಿ ಒಮ್ಮೆ, "ತಪ್ಪು ನಿಂದೇ ಕಣಪ್ಪ" ಎಂದು ತಮ್ಮ ಮಗನಿಗೆ ಹೇಳಿದವರು ಇದೇ ನಮ್ಮತ್ತೆ. ಅದನ್ನು ನೆನಪಿಸಿದೆ.

"ಅದು ಬೇರೆ, ಇದು ಬೇರೆ" ಎಂದು ಅವರು ಕಾಯಿ ತುರಿಯಲು ಕೂತರು.