ಮನೆಗೆ ಕಳುಹಿಸಿದ ಮೇಲೆ

ಹೃದಯದ ಬಲ ಕುಂದಿದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಹೊಣೆ ಯಾರದು? ಅಮೆರಿಕದಲ್ಲಿ 2012ರ ಅಕ್ಟೋಬರಿನಿಂದ, ಇಂಥ ರೋಗಿಗಳು 30 ದಿನಗಳೊಳಗೆ ಅತಿಯಾಗಿ ಮರಳಿ ಸೇರುವ ಆಸ್ಪತ್ರೆಗಳಿಗೆ ಮೆಡಿಕೇರ್ ವಿಮೆಯ ಹಣ ಕಡಿತವಾಗುತ್ತಿದೆ. ಮರಳುವವರ ಸಂಖ್ಯೆ ಇಳಿಯಿತು. ಸಾವು ಹೆಚ್ಚಿತೇ ಎಂಬ ವಾದ ಇನ್ನೂ ಮುಗಿದಿಲ್ಲ. ಬಾಗಿಲು ಮುಚ್ಚಿದರೂ ಲೆಕ್ಕ ಇಳಿಯುತ್ತದೆಯಲ್ಲವೇ?

ನಿಜವಾದ ಇಳಿಕೆಗೆ ಮನೆಯ ಎಚ್ಚರವೂ ಬೇಕು: ದಿನವೂ ಬೆಳಿಗ್ಗೆ ತೂಕ, ತಪ್ಪದ ಮಾತ್ರೆ, ಮಿತವಾದ ಉಪ್ಪು. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು.

ಹೊರನಾಡಿನಲ್ಲಿರುವ ನಾವು, ಊರಿನಿಂದ ಬಂದ ಉಪ್ಪಿನಕಾಯಿಯನ್ನು ಹಿರಿಯರಿಗೆ ಬಡಿಸುವುದೇ ಪ್ರೀತಿಯೆಂದು ತಿಳಿದಿದ್ದೇವೆ. ಬಡಿಸದಿರುವುದೂ ಪ್ರೀತಿಯೇ. ಆದರೆ ಅವರಿಗೆ ಉಸಿರು ಕಟ್ಟಿದಾಗ ‘ಮತ್ತೆ ಆಸ್ಪತ್ರೆಯೇ?’ ಎಂದು ತಡೆಯುವುದು ಮಾತ್ರ ನಮ್ಮ ಧರ್ಮವಲ್ಲ.