ಮಾಲಿಕ, ಹಮಾಲ ಮತ್ತು ನಡುವೆ ಕುಳಿತವರು



ತೊಗರಿಯ ಸುಗ್ಗಿ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಪೇಟೆಗಳಲ್ಲಿ ತಕ್ಕಡಿಯ ಸದ್ದಿನ ಜೊತೆಗೇ ಕೂಲಿಯ ತಕರಾರಿನ ಸದ್ದೂ ಕೇಳುತ್ತದೆ. ಚೀಲಕ್ಕೆ ಇಷ್ಟು ಬೇಕೆಂದು ಹಮಾಲರು, ಅಷ್ಟು ಆಗದೆಂದು ಮಾಲಿಕರು. ಹೊಲದಲ್ಲಿಯೂ ಇದೇ ಮಾತು, ರಾಶಿಯ ಹೊತ್ತಿಗೆ ಆಳಿನ ಕೂಲಿಯ ಜಗಳ. ಮಾತು ಬೆಳೆದಾಗ ಊರ ಹಿರಿಯರನ್ನು ಕರೆಯುತ್ತಾರೆ. ಹಿರಿಯರಿಂದ ಆಗದಿದ್ದರೆ ಮಠಕ್ಕೆ ಬರುತ್ತಾರೆ. ಹಾಗೆ ಬಂದ ಒಂದು ತಕರಾರನ್ನು ನಾವು ತೀರಿಸಿದೆವು, ಆದರೆ ಸರಿಯಾಗಿ ತೀರಿಸಲಿಲ್ಲ. ಅದನ್ನು ಮುಚ್ಚಿಡದೆ ಭಕ್ತರ ಮುಂದೆ ಇಡುವುದೇ ಯೋಗ್ಯವೆಂದು ಈ ಬರಹ.

ಒಂದು ಬೇಳೆ ಗಿರಣಿಯ ಸಂಗತಿ. ಹಮಾಲರು ಚೀಲಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೇಳಿದ್ದರು. ಮಾಲಿಕರು ಒಂದು ಪೈಸೆಯನ್ನೂ ಏರಿಸುವುದಿಲ್ಲವೆಂದರು. ಒಂಬತ್ತು ದಿನ ಗಿರಣಿ ನಿಂತಿತು. ಹತ್ತನೆಯ ದಿನ ಎರಡೂ ಕಡೆಯವರು ಮಠದ ಪಡಸಾಲೆಗೆ ಬಂದರು. ನಾವು ಇಬ್ಬರ ಮಾತನ್ನೂ ಕೇಳಿ, ಎರಡು ರೂಪಾಯಿ ಎಂದೆವು. ಎಲ್ಲರೂ ನಮಸ್ಕರಿಸಿದರು, ಪ್ರಸಾದ ಸ್ವೀಕರಿಸಿ ಹೋದರು. ನಮಗೂ ಸಮಾಧಾನವಾಯಿತು. ಕೆಲವು ತಿಂಗಳ ಮೇಲೆ ಅವರಲ್ಲಿ ಹಿರಿಯನಾದ ಹಮಾಲನೊಬ್ಬ ಬಂದು ಹೇಳಿದ: "ಅಪ್ಪಾರೆ, ನಾವು ನಾಕು ಕೇಳಿದ್ದು ಲೆಕ್ಕಾ ಹಾಕಿ. ಅವ್ರು ಏನೂ ಇಲ್ಲ ಅಂದಿದ್ದು ಲೆಕ್ಕಾ ಹಾಕಿ ಅಲ್ಲ. ಇವೆರಡರ ನಡುವಿಂದು ನ್ಯಾಯ ಹೆಂಗ ಆತ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಧಕ್ಕೆ ಕಡಿಯುವುದೇ ನ್ಯಾಯವೆಂಬ ನಂಬಿಕೆ ನಮ್ಮ ಕಟ್ಟೆ ಪಂಚಾಯಿತಿಗಳಲ್ಲಿ ಬಹಳ ಆಳವಾಗಿ ಕುಳಿತಿದೆ. ಆದರೆ ನಡುವೆಂಬುದು ತುದಿಗಳನ್ನು ಯಾರು ಎಷ್ಟು ದೂರ ಎಳೆದರೆಂಬುದರ ಮೇಲೆ ನಿಂತಿರುತ್ತದೆ. ಹಾಗಾದರೆ ಮುಂದಿನ ಸಲ ನಾಲ್ಕು ಬೇಕಾದವನು ಎಂಟು ಕೇಳುವುದನ್ನು ಕಲಿಯುತ್ತಾನೆ. ಲೆಕ್ಕ ಹಾಕಿ ಬಾಯಿಬಿಟ್ಟವನೇ ಸೋಲುತ್ತಾನೆ.

ಇನ್ನೊಂದು ಮಾತು ಇದಕ್ಕಿಂತ ಕಷ್ಟದ್ದು. ನಮ್ಮ ಮಠದ ದಾಸೋಹಕ್ಕೆ ವರ್ಷವರ್ಷ ಬೇಳೆ ಬರುತ್ತಿದ್ದುದು ಅದೇ ಗಿರಣಿಯಿಂದ. ಆ ಚೀಲಗಳನ್ನು ಹೊತ್ತು ತಂದು ಉಗ್ರಾಣದಲ್ಲಿ ಇಳಿಸುತ್ತಿದ್ದವರು ಅದೇ ಹಮಾಲರು. ನಾವು ನಡುವೆ ಕುಳಿತಿದ್ದೇವೆಂದು ತಿಳಿದಿದ್ದೆವು. ಎಲ್ಲಿ ಕುಳಿತಿದ್ದೇವೆಂಬುದು ಅವರಿಗೆ ಗೊತ್ತಿತ್ತು.

ತಕರಾರು ತೀರಿಸುವ ದಾರಿಗಳು ಮೂರು. ಇಬ್ಬರೇ ಕುಳಿತು ಮಾತಾಡಿಕೊಳ್ಳುವುದು ಒಂದು. ಮೂರನೆಯವನು ಸಂಧಾನಕ್ಕೆ ಕುಳಿತು ಇಬ್ಬರ ಮಾತನ್ನೂ ಹತ್ತಿರ ತರುವುದು ಇನ್ನೊಂದು. ಇವೆರಡರಲ್ಲಿ ಕೊನೆಯ ಮಾತು ಇಬ್ಬರ ಕೈಯಲ್ಲೇ ಉಳಿಯುತ್ತದೆ. ನೀವು ಹೇಳಿದ್ದಕ್ಕೆ ಒಪ್ಪಿಗೆಯೆಂದು ಮೊದಲೇ ಮಾತು ಕೊಟ್ಟು ತೀರ್ಮಾನವನ್ನು ಪಂಚನಿಗೆ ಒಪ್ಪಿಸುವುದು ಮೂರನೆಯದು. ದಾರಿ ಯಾವುದಾದರೇನು, ಒಂದು ಪ್ರಶ್ನೆ ಎಲ್ಲದರ ಕೆಳಗೂ ಇದೆ: ತೀರ್ಮಾನದವರೆಗೆ ಕಾಯುವ ಶಕ್ತಿ ಯಾರಿಗಿದೆ? ಗಿರಣಿ ನಿಂತರೆ ಮಾಲಿಕನಿಗೆ ನಷ್ಟ. ಹಮಾಲನಿಗೆ ಮೂರನೆಯ ದಿನಕ್ಕೇ ಒಲೆ ಆರುತ್ತದೆ. ಹಸಿದವನು ಹತ್ತನೆಯ ದಿನ ಹೂಂ ಎಂದರೆ ಅದನ್ನು ಒಪ್ಪಿಗೆಯೆಂದು ಕರೆಯಬಹುದೇ?

ಇಲ್ಲಿ ನಮಗೆ 1918ರ ಅಹಮದಾಬಾದು ನೆನಪಾಗುತ್ತದೆ. ಪ್ಲೇಗಿಗೆ ಹೆದರಿ ನೇಕಾರರು ಊರು ಬಿಡಬಾರದೆಂದು ಗಿರಣಿಗಳವರು ಕೊಡುತ್ತಿದ್ದ ಹೆಚ್ಚುವರಿಯನ್ನು ನಿಲ್ಲಿಸಿದಾಗ ಜಗಳ ಹುಟ್ಟಿತು. ಮಾಲಿಕರ ಮುಂದಾಳು ಅಂಬಾಲಾಲ ಸಾರಾಭಾಯಿ, ಕೂಲಿಕಾರರ ಪಕ್ಕದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಕೂಲಿಕಾರರ ಮನಸ್ಸಿನಲ್ಲಿ ಇದ್ದದ್ದು ನೂರಕ್ಕೆ 50ರ ಏರಿಕೆ. ಗಾಂಧೀಜಿ ಬೆಲೆಗಳನ್ನೂ ಮುಂಬಯಿಯ ಕೂಲಿಯನ್ನೂ ವಿಚಾರಿಸಿ, ಕೇಳುವ ಮೊದಲೇ ಅದನ್ನು 35ಕ್ಕೆ ಇಳಿಸಿದರು. ಮಾಲಿಕರು 20ರ ಮೇಲೆ ಏರಲಿಲ್ಲ. ಫೆಬ್ರುವರಿ 22ಕ್ಕೆ ಬಾಗಿಲು ಹಾಕಿತು. ಕೂಲಿಕಾರರ ಧೈರ್ಯ ಕುಂದುತ್ತ ಬಂದಾಗ ಗಾಂಧೀಜಿ ಉಪವಾಸ ಹಿಡಿದರು. ಮೂರು ದಿನದಲ್ಲಿ ರಾಜಿಯಾಯಿತು: ಮೊದಲ ದಿನ 35, ಕೂಲಿಕಾರರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ 20, ಮಾಲಿಕರ ಮಾತು ಉಳಿಯಲೆಂದು. ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. ಎರಡೂ ಕಡೆಗೂ ಬೇಕಾದ ಪ್ರಾಧ್ಯಾಪಕ ಆನಂದಶಂಕರ ಧ್ರುವರು ಪಂಚರಾದರು. ಆಗಸ್ಟಿನಲ್ಲಿ ಅವರು ಕೊಟ್ಟ ತೀರ್ಪು 35.

ಇಪ್ಪತ್ತೇಳೂವರೆ ಸರಿಯಾಗಿ ಅರ್ಧವೇ. ಆದರೆ ಅವರು ಅದನ್ನು ನ್ಯಾಯವೆಂದು ಕರೆಯಲಿಲ್ಲ. ಕಾಯುವ ಕಾಲಕ್ಕೆ ಹಿಟ್ಟಾಗಲೆಂದು ಇಟ್ಟುಕೊಂಡರು, ಆಮೇಲೆ ಪಂಚರು ನಿರಾತಂಕವಾಗಿ ವಿಚಾರ ಮಾಡಿದರು. ನಾವು ಹತ್ತು ನಿಮಿಷದಲ್ಲಿ ಅದೇ ಅರ್ಧವನ್ನು ತೀರ್ಪು ಮಾಡಿ ಎದ್ದೆವು. ಗಾಂಧೀಜಿಯಾದರೂ ಆ ಉಪವಾಸದಲ್ಲಿ ದೋಷವಿತ್ತು, ಸ್ನೇಹಿತರಾದ ಮಾಲಿಕರ ಮೇಲೆ ಅದು ಒತ್ತಡವಾಯಿತು ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಗೆದ್ದ ಮೇಲೆ ಹೀಗೆ ಹೇಳಿಕೊಳ್ಳುವವರು ಕಡಿಮೆ.

ಕಾಯಲಾರದವರ ಗತಿಗೆ ಬೇರೆ ಉದಾಹರಣೆ ಮುಂಬಯಿಯದು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟರು. ವರ್ಷ ದಾಟಿತು, ಒಪ್ಪಂದವಾಗಲಿಲ್ಲ. ಮುಷ್ಕರ ಮುಗಿಯಿತೆಂದು ಸಾರುವವರೂ ಇಲ್ಲದೆ ಅದು ಕರಗಿಹೋಯಿತು.

ನಮ್ಮ ವ್ಯಾಪಾರಸ್ಥ ಭಕ್ತರು ಕೇಳಬಹುದು, ಬುದ್ಧಿ, ನಮ್ಮ ಕಷ್ಟ ಯಾರಿಗೆ ಹೇಳೋಣ? ಬ್ಯಾಂಕಿನ ಬಡ್ಡಿ ಇದೆ, ದರ ಕುಸಿಯುತ್ತದೆ, ಉದ್ರಿ ತಿರುಗಿ ಬರುವುದಿಲ್ಲ. ನಿಜ. ಆದರೆ ಆ ಕಷ್ಟ ನಿಜವಾಗಿದ್ದರೆ ಅದು ಖಾತೆ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ತೆರೆಯದೆ ಬರಿ ಬಾಯಿಂದ ಆಗದು ಎಂದರೆ ಎದುರಿನವನು ಏಕೆ ನಂಬಬೇಕು? ಕಾಯಕಕ್ಕೆ ಗೌರವವೆಂದು ವೇದಿಕೆಯ ಮೇಲೆ ನಾವೆಲ್ಲ ಹೇಳುತ್ತೇವೆ, ಚೀಲಕ್ಕೆ ಬೆಲೆ ಕಟ್ಟುವಾಗ ಮಾತ್ರ ಖಾತೆ ಮುಚ್ಚುತ್ತೇವೆ. ಮಹಾರಾಷ್ಟ್ರ 1969ರಲ್ಲಿ ಮಾಡಿದ ಮಾಥಾಡಿ ಹಮಾಲರ ಕಾಯ್ದೆಯ ಬಗೆಗೆ ಪೇಟೆಯಲ್ಲಿ ಗೊಣಗಾಟ ಕೇಳಿದ್ದೇವೆ. ಆದರೂ ಅದರ ಮಂಡಳಿಯಲ್ಲಿ ಮಾಲಿಕರ ಕಡೆಯವರೆಷ್ಟೋ ದುಡಿಯುವವರ ಕಡೆಯವರೂ ಅಷ್ಟೇ ಇರಬೇಕೆಂದು ಬರೆದಿದೆ. ನಮ್ಮ ಪಡಸಾಲೆಯಲ್ಲಿ ಆ ದಿನ ಪಂಚರಾಗಿ ಕುಳಿತವರಲ್ಲಿ ಒಬ್ಬನಾದರೂ ಚೀಲ ಹೊತ್ತವನಿರಲಿಲ್ಲ.

ಆ ಗಿರಣಿಯ ತಕರಾರು ಈ ಸುಗ್ಗಿಗೆ ಮತ್ತೆ ನಮ್ಮಲ್ಲಿಗೆ ಬಂದಿದೆ. ಈ ಬಾರಿ ಮೂರು ಮಾತು ಹೇಳಿದೆವು. ತೀರ್ಪಾಗುವವರೆಗೆ ಗಿರಣಿ ನಡೆಯಲಿ, ಚೀಲಕ್ಕೆ ಒಂದು ರೂಪಾಯಿ ಹೆಚ್ಚು ಕೊಡುತ್ತಿರಿ. ಮೂರು ಸುಗ್ಗಿಯ ಖಾತೆ ತನ್ನಿ. ಪಂಚರಲ್ಲಿ ಇಬ್ಬರನ್ನು ಹಮಾಲರೇ ಹೆಸರಿಸಲಿ, ಮಠ ಜಾಗ ಕೊಡುತ್ತದೆ, ತೀರ್ಪು ಹೇಳುವುದಿಲ್ಲ. ಈ ವರ್ಷದ ದಾಸೋಹದ ಬೇಳೆಯನ್ನು ತೀರ್ಮಾನವಾದ ಮೇಲೆ ಕಳಿಸಿರೆಂದೂ ತಿಳಿಸಿದೆವು. ಮೊದಲನೆಯದಕ್ಕೆ ಮಾಲಿಕರು ಒಪ್ಪಿದ್ದಾರೆ. ಖಾತೆಯ ವಿಷಯಕ್ಕೆ, ಮಕ್ಕಳನ್ನು ಕೇಳಿ ಹೇಳುತ್ತೇವೆ ಎಂದು ಹೋಗಿದ್ದಾರೆ.