ವೃಕ್ಷಕಾಯಕವೂ ನಾಳಿನ ದಾಸೋಹವೂ

ಕಾಯಕದ ಫಲವು ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಗೆ ಶಿವಶರಣರು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದಾರೆ. ಸತ್ಯಶುದ್ಧವಾಗಿ ದುಡಿದುದನ್ನು ಮೊದಲು ಗುರು-ಲಿಂಗ-ಜಂಗಮಕ್ಕೆ ಸಮರ್ಪಿಸಿ, ಅನಂತರ ಪ್ರಸಾದವೆಂದು ಸ್ವೀಕರಿಸಬೇಕು. ಆದರೆ ಈ ಉತ್ತರದ ಒಡಲಿನಲ್ಲಿ ಮತ್ತೊಂದು ಪ್ರಶ್ನೆ ಅಡಗಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವರು ಕಣ್ಣಿಗೆ ಕಾಣುತ್ತಾರೆ. ಇನ್ನೂ ಹುಟ್ಟದಿರುವವರಿಗೆ ಆ ಪಂಕ್ತಿಯಲ್ಲಿ ಸ್ಥಳವುಂಟೋ ಇಲ್ಲವೋ?

ಉಂಟೆಂದು ಹೇಳುವುದು ಸುಲಭ. ಇಂದು ಹಣ್ಣು ಕೊಡುತ್ತಿರುವ ಹುಣಸೆಯ ಮರವನ್ನು ಎಂದೋ ಯಾರೋ ನೆಟ್ಟುದರಿಂದಲೇ ಇಂದಿನವರ ಸಾರಿಗೆ ಹುಳಿ ದೊರೆತಿದೆ. ಆದರೆ ಎರಡು ಎಕರೆ ಒಣಭೂಮಿ, ತೀರದ ಸಾಲ, ಮಳೆಯನ್ನೇ ನಂಬಿದ ಸಂಸಾರ, ಇಷ್ಟನ್ನು ಹೊತ್ತಿರುವ ಒಕ್ಕಲಿಗನ ಮುಂದೆ ನಿಂತು ‘ಮುಂದಿನವರಿಗಾಗಿ ಮರ ನೆಡು’ ಎಂದು ಉಪದೇಶಿಸುವುದು ದಯೆಯೇ? ಹಸಿದವನಿಗೆ ಹತ್ತು ವರ್ಷದ ಅನಂತರದ ಅನ್ನವನ್ನು ತೋರಿಸುವುದು ಧರ್ಮವಾಗಲಾರದು. ಹಾಗೆಂದು ಇಂದಿನ ಹಸಿವೊಂದನ್ನೇ ನೋಡಿ ನೆಲವನ್ನು ಬರಿದುಮಾಡಿ ಬಿಟ್ಟುಹೋಗುವುದೂ ಧರ್ಮವಲ್ಲ. ಈ ಇಕ್ಕಟ್ಟನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಹೊಲದಲ್ಲಿಯೇ ಇರಿಸಿ ಪರೀಕ್ಷಿಸುವುದು ಲೇಸು.

ವಿಜಯಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರ ಬಹುಭಾಗವು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ ಬಂದುಹೋಗುತ್ತದೆ. ಬೇಸಿಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ; ಎರೆಭೂಮಿಯು ಬಿರುಕುಬಿಟ್ಟು ಬಾಯ್ದೆರೆಯುತ್ತದೆ. ಹೊದಿಕೆಯಿಲ್ಲದ ಆ ನೆಲದ ಮೇಲೆ ಮೊದಲ ಮಳೆಯು ರಭಸದಿಂದ ಬಿದ್ದಾಗ ನೀರಿನೊಡನೆ ಮೇಲ್ಮಣ್ಣೂ ಕೊಚ್ಚಿಹೋಗುತ್ತದೆ. ಆದುದರಿಂದ ಇಲ್ಲಿ ಮಳೆಯ ಕೊರತೆಯ ಜೊತೆಗೆ, ಬಂದ ಮಳೆಯನ್ನು ಹಿಡಿದಿಡುವ ನೆರಳಿನ ಕೊರತೆಯೂ ಇದೆ.

ಇಂತಹ ನೆಲಕ್ಕೆ ಒಪ್ಪುವ ಒಂದು ವಿಧಾನವೆಂದರೆ ಅಂತಸ್ತುಗಳ ಆಹಾರವನ. ಅಡವಿಯಲ್ಲಿ ಎತ್ತರದ ಮರ, ನಡುಮರ, ಪೊದೆ, ಬಳ್ಳಿ, ನೆಲದ ಹಸುರು, ಗಡ್ಡೆಗಳು ಒಂದೇ ಎಡೆಯಲ್ಲಿ ಬಾಳುವಂತೆ ಇಲ್ಲಿಯೂ ಉಣ್ಣಲು ಬರುವ ಗಿಡಗಳನ್ನು ಹೊಂದಿಸಬೇಕು. ಮೇಲಿನ ಅಂತಸ್ತಿಗೆ ಹುಣಸೆ, ಮಾವು, ನೇರಳೆ. ನಡುವೆ ಪೇರಲ, ನಿಂಬೆ, ಸೀತಾಫಲ, ನುಗ್ಗೆ. ಅದರ ಕೆಳಗೆ ಕರಿಬೇವು, ತೊಗರಿ, ಬೇಲಿಗೆ ಮುಳ್ಳಿನ ಕವಳಿ. ಹಬ್ಬುವುದಕ್ಕೆ ತೊಂಡೆ, ಅವರೆ. ನೆಲಕ್ಕೆ ಹೊದಿಕೆಯಾಗಿ ಅಲಸಂದೆ, ಹುರುಳಿ, ಮಡಿಕೆ. ಮೇಲಿನ ಎಲೆಗಳು ಬಿಸಿಲಿನ ಉರಿಯನ್ನು ತಡೆಯುತ್ತವೆ. ಉದುರಿದ ತರಗು ಮಣ್ಣಿನ ತೇವವನ್ನು ಕಾಯುತ್ತದೆ. ಬೇಲಿಯ ಸಾಲು ಬಿಸಿಗಾಳಿಯ ವೇಗವನ್ನು ಮುರಿಯುತ್ತದೆ. ತೊಗರಿ, ಅಲಸಂದೆಗಳ ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಬಲ ಕೊಡುತ್ತವೆ.

ಮೇಲೆ ಹೇಳಿದ ಇಕ್ಕಟ್ಟು ಬಿಡುವುದು ಇಲ್ಲಿಯೇ. ಈ ತೋಟದ ಅಂತಸ್ತುಗಳು ಎತ್ತರದಲ್ಲಿರುವಂತೆ ಕಾಲದಲ್ಲಿಯೂ ಇವೆ. ಅಲಸಂದೆಯು ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ತೊಗರಿಯು ಅದೇ ವರ್ಷದ ಸುಗ್ಗಿಗೆ ಒದಗುತ್ತದೆ. ನುಗ್ಗೆಯು ವರ್ಷ ತುಂಬುವುದರೊಳಗೆ ಕಾಯಿ ಬಿಡಬಲ್ಲದು. ಪೇರಲ, ನಿಂಬೆಗಳು ಎರಡರಿಂದ ನಾಲ್ಕು ವರ್ಷ, ಕಸಿಮಾಡಿದ ಮಾವು ನಾಲ್ಕೈದು ವರ್ಷ ಬೇಡುತ್ತವೆ. ಬೀಜದಿಂದೆದ್ದ ಹುಣಸೆಗೆ ಎಂಟು ಹತ್ತು ವರ್ಷವೂ ಬೇಕಾದೀತು. ಇಂದಿನ ಮನೆಮಂದಿಯ ಊಟ, ಬೆಳೆಯುವ ಮಕ್ಕಳ ಊಟ, ಹುಟ್ಟಲಿರುವವರ ಊಟ, ಮೂರೂ ಒಂದೇ ಮಳೆಗಾಲದಲ್ಲಿ ನೆಲಕ್ಕೆ ಬೀಳುತ್ತವೆ. ಸಂಸಾರವನ್ನು ಉಪವಾಸ ಕೆಡವದೆಯೇ ನಾಳಿನ ದಾಸೋಹಕ್ಕೆ ಎಲೆ ಹಾಕಿದಂತಾಗುತ್ತದೆ.

ಆದರೆ ಈ ಸಮನ್ವಯವು ತಾನಾಗಿ ಬರುವುದಿಲ್ಲ. ಅದಕ್ಕೆ ಮಿತಿಯೆಂಬ ಶೀಲವು ಬೇಕು. ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದಲ್ಲಿ ರಾಬರ್ಟ್ ಹಾರ್ಟ್ ಎಂಬಾತನು ಏಳು ಅಂತಸ್ತುಗಳ ವನವನ್ನು ಬೆಳೆಸಿ ಹೆಸರಾದನು. ಅದು ತಂಪು ಸೀಮೆ. ಅಲ್ಲಿ ಗಿಡಗಳ ಪೈಪೋಟಿ ಮುಖ್ಯವಾಗಿ ಬೆಳಕಿಗಾಗಿ. ಒಣಸೀಮೆಯಲ್ಲಿ ಪೈಪೋಟಿಯು ಮಣ್ಣಿನ ಕೆಳಗೆ, ನೀರಿಗಾಗಿ ನಡೆಯುತ್ತದೆ. ಆದುದರಿಂದ ಇಲ್ಲಿ ಮರಗಳನ್ನು ಒತ್ತಾಗಿ ನೆಡುವುದು ಅಪಾಯ. ಮೇಲಿನ ಮರಗಳು ವಿರಳವಾಗಿರಬೇಕು. ಬೇಸಿಗೆ ಕಾಲಿಡುವ ಮೊದಲೇ ಆಸರೆಯ ಗಿಡಗಳ ಕೊಂಬೆಗಳನ್ನು ಸವರಿ, ಆ ಸೊಪ್ಪನ್ನೇ ಬುಡಕ್ಕೆ ಹೊದಿಸಬೇಕು. ನೀರು ಕಡಮೆಯಿರುವಲ್ಲಿ ಸಿಕ್ಕಿದುದನ್ನೆಲ್ಲ ನೆಡುವುದೂ ಒಂದು ಬಗೆಯ ಲೋಭವೇ. ಆಯ್ದು ತಂದ ಅಕ್ಕಿಯು ನಿತ್ಯಕ್ಕಿಂತ ಹೆಚ್ಚಾಗಿರುವುದನ್ನು ಕಂಡು, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಪತಿ ಮಾರಯ್ಯನವರಿಗೆ ಹೇಳಿದ ಲಕ್ಕಮ್ಮನವರ ವಿವೇಕವು ತೋಟಗಾರನಿಗೂ ಬೇಕಾದುದು. ಅಲ್ಲಿ ಹೆಚ್ಚಿನ ಅಕ್ಕಿಯು ಮತ್ತೊಬ್ಬರ ಪಾಲಾಗಿತ್ತು. ಇಲ್ಲಿ ಹೆಚ್ಚಿನ ಗಿಡವು ಮತ್ತೊಂದರ ನೀರಾಗಿದೆ.

ನೀರಿನ ವಿಷಯದಲ್ಲಿ ಈ ಮಿತಿಯು ಇನ್ನೂ ಕಠಿಣವಾದುದು. ಆಫ್ರಿಕಾ ಖಂಡದ ಉತ್ತರದಲ್ಲಿರುವ ಟ್ಯುನೀಸಿಯ ದೇಶದ ಟೋಜರ್ ಎಂಬ ಮರುವನವು ಇದಕ್ಕೆ ನಿದರ್ಶನ. ಅಲ್ಲಿ ಖರ್ಜೂರದ ನೆರಳಿನಲ್ಲಿ ಅಂಜೂರ, ದಾಳಿಂಬೆಗಳೂ, ಅವುಗಳ ಕೆಳಗೆ ಕಾಯಿಪಲ್ಯ, ಮೇವುಗಳೂ ಶತಮಾನಗಳಿಂದ ಬೆಳೆದು ಬಂದಿವೆ. 13ನೆಯ ಶತಮಾನದ ವಿದ್ವಾಂಸನಾದ ಇಬ್ನ್ ಶಬ್ಬಾತನ ಹೆಸರು ಅಲ್ಲಿನ ಬುಗ್ಗೆಗಳ ನೀರನ್ನು ತೋಟತೋಟಕ್ಕೆ ಪಾಲುಮಾಡುವ ಕಟ್ಟಳೆಯೊಡನೆ ಬೆಸೆದಿದೆ. ಪಾಲಿನ ನಿಯಮವಿದ್ದಷ್ಟು ಕಾಲ ಬುಗ್ಗೆ ಬಾಳಿತು. 20ನೆಯ ಶತಮಾನದಲ್ಲಿ ಆಳವಾದ ಕೊಳವೆಬಾವಿಗಳಿಂದ ನೀರೆತ್ತತೊಡಗಿದ ಮೇಲೆ ಆ ಬುಗ್ಗೆಗಳು ಬತ್ತಿದವು. ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಯಿಸುವ ಕನ್ನಡನಾಡಿನ ಗೃಹಸ್ಥರಿಗೂ ಇದೊಂದು ಎಚ್ಚರಿಕೆ. ನೆರೆಯವನ ಬಾವಿಯನ್ನು ಬತ್ತಿಸಿ ಬೆಳೆದ ಹಣ್ಣು ಸತ್ಯಶುದ್ಧ ಕಾಯಕದ ಫಲವೆನಿಸಲಾರದು. ಅದಕ್ಕೆ ಬದಲು ಬದುಗಳನ್ನು ಹಾಕಿ ಮಳೆಯ ನೀರನ್ನು ಹೊಲದಲ್ಲಿಯೇ ಇಂಗಿಸಬೇಕು; ಎಳೆಯ ಗಿಡದ ಪಕ್ಕದಲ್ಲಿ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬಿ ಮುಚ್ಚಿದರೆ ಅದು ಮೆಲ್ಲಮೆಲ್ಲನೆ ಜಿನುಗಿ ಬೇರನ್ನು ಸೇರುತ್ತದೆ. ಜಂಗಮಸೇವೆಯ ಮಹತ್ವವನ್ನು ತಿಳಿಸಲು ಬಸವಣ್ಣನವರು ಬೇರಿಗೆ ನೀರೆರೆಯುವ ದೃಷ್ಟಾಂತವನ್ನೇ ಆಯ್ದುಕೊಂಡುದು ಇಲ್ಲಿ ಸ್ಮರಣೀಯ.

ಇನ್ನೊಂದು ಆಕ್ಷೇಪವನ್ನೂ ವಿಚಾರಿಸಬೇಕು. ಸ್ವಂತ ಭೂಮಿಯಿಲ್ಲದೆ, ವರ್ಷವರ್ಷಕ್ಕೆ ಲಾವಣಿ ಹಿಡಿದು ದುಡಿಯುವವನು ಮಾವನ್ನು ಏಕೆ ನೆಟ್ಟಾನು? ಮುಂದಿನ ವರ್ಷ ಆ ಹೊಲವು ಬೇರೊಬ್ಬನಿಗೆ ಹೋದೀತು. ಅವನು ಮರ ನೆಡದಿದ್ದರೆ ತಪ್ಪು ಅವನದಲ್ಲ. ನೆಲದ ಒಡೆಯನು ದೀರ್ಘಕಾಲದ ಕರಾರನ್ನು ಕೊಟ್ಟು, ಮರದ ಫಲದಲ್ಲಿ ನೆಟ್ಟವನಿಗೆ ಪಾಲಿಟ್ಟಾಗ ಮಾತ್ರ ಉಪದೇಶಕ್ಕೆ ಅಧಿಕಾರ ಬರುತ್ತದೆ. ನಾಳಿನವರಿಗೆ ದಯೆ ತೋರುವೆನೆಂದು ಹೇಳುತ್ತ ಇಂದು ಎದುರಿಗೆ ದುಡಿಯುವವನನ್ನು ಮರೆಯುವುದು ದಾಸೋಹವಲ್ಲ, ಡಾಂಭಿಕತೆ.

ಹೀಗೆ ವಿಚಾರಿಸಿದಾಗ ಹುಟ್ಟದಿರುವವರಿಗೂ ಪಂಕ್ತಿಯಲ್ಲಿ ಸ್ಥಳವುಂಟೆಂಬುದು ಸಿದ್ಧವಾಗುತ್ತದೆ. ಆದರೆ ಅದು ಹಸಿದವನನ್ನು ಎಬ್ಬಿಸಿ ಕೊಡುವ ಸ್ಥಳವಲ್ಲ, ಉಳ್ಳವನು ಸರಿದು ಕೊಡಬೇಕಾದ ಸ್ಥಳ. ಭೂಮಿಯುಳ್ಳ ಭಕ್ತರು ಬರುವ ಮುಂಗಾರಿನಲ್ಲಿ ಹೊಲದ ಒಂದು ಮೂಲೆಯನ್ನಾದರೂ ಇದಕ್ಕೆ ಮೀಸಲಿಡಲಿ. ಮೊದಲ ವರ್ಷದ ಅಲಸಂದೆಯು ಮನೆಯ ಒಲೆಗೆ ಬರಲಿ. ಹುಣಸೆಯು ತನ್ನ ಕಾಲಕ್ಕೆ ತಾನು ಫಲಿಸಲಿ. ಅದರ ನೆರಳಿನಲ್ಲಿ ಕುಳಿತು ಉಣ್ಣುವವರು ನೆಟ್ಟವನ ಹೆಸರನ್ನು ಅರಿಯದಿದ್ದರೂ ಸಮರ್ಪಣೆಯು ಪೂರ್ಣವಾದಂತೆಯೇ ಸರಿ.